ಇಂಡಿಗೆ ಹೋಗಿಬಂದ ಟೈರುಗಳು

ಹೋದ ತಿಂಗಳು ಕಾರಿಗೆ ಟೈರು ಹಾಕಿಸಲು ವಿಜಯಪುರದ ಒಂದು ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲು ತೆಗೆಯುತ್ತಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಒಂದಿಷ್ಟು ಗಂಧಕ, ಒಂದಿಷ್ಟು ಸುಟ್ಟ ಎಣ್ಣೆ, ಅದರ ಮೇಲೆ ಟ್ಯೂಬಿಗೆ ಸವರುವ ಬಿಳಿ ಪುಡಿಯ ಒಣ ವಾಸನೆ... ಈಗಿನ ಕಾರಿನ ಟೈರಿಗೆ ಟ್ಯೂಬೇ ಇಲ್ಲ. ಆದ್ದರಿಂದ ಆ ಪುಡಿಯೂ ಅಲ್ಲಿ ಇರಲಾರದು. ಅಷ್ಟನ್ನು ನನ್ನ ಮೂಗೇ ಹಳೆಯ ಸಂಗ್ರಹದಿಂದ ತೆಗೆದು ಸೇರಿಸಿಕೊಂಡಿರಬೇಕು.

ಅಂಗಡಿಯವನು ಮೂರು ಟೈರು ಉರುಳಿಸಿಕೊಂಡು ಬಂದು ಗೋಡೆಗೆ ಆನಿಸಿದ. "ಇದು ಕಡಿಮಿ ರೇಟು ನೋಡ್ರಿ ಸರ್. ಇದು ಮಳಿಯಾಗ ಚಲೋ ಹಿಡೀತೈತಿ, ಆದ್ರ ಲಗೂನ ಸವೀತೈತಿ. ಇದು ಬಾಳಿಕಿ ಬರತೈತಿ, ಆದ್ರ ಸ್ವಲ್ಪ ಬಿರುಸು." ನಾನು ಮೂರಕ್ಕೂ ಹೆಬ್ಬೆರಳಿನ ಉಗುರು ಒತ್ತಿ ನೋಡಿದೆ. ಹೊಸ ರಬ್ಬರಿನ ಮೇಲೆ ಎದ್ದಿರುವ ಸಣ್ಣ ಕೂದಲಿನಂಥ ಎಳೆಗಳನ್ನು ಸವರಿ ನೋಡಿದೆ. ಆಮೇಲೆ ಯಾಕೋ ಬಾಯಿಂದ ಒಂದು ಮಾತು ಹೊರಟಿತು: "ಇವು ಎಲ್ಲೆರ ಓಡ್ಯಾವೇನು?"

ಅಂಗಡಿಯವನಿಗೆ ಸಿಟ್ಟು ಬಂತು. "ಏನ್ರಿ ಸರ್, ಪ್ಯಾಕ್ ಮಾಲು ಐತಿ. ಓಡಿದ್ದು ಮಾರ್ತೀವೇನ್ರಿ ನಾವು?"

ಐವತ್ತು ವರ್ಷದ ಹಿಂದೆ ಸಿಂದಗಿಯಲ್ಲಿ ಇದೇ ಪ್ರಶ್ನೆಯನ್ನು ಒಬ್ಬರಿಗೆ ಕೇಳಿದ್ದೆ. ಅವರು ಮಾತ್ರ ಸಿಟ್ಟಾಗದೆ ಹೌದು, ಓಡಿವೆ ಎಂದಿದ್ದರು.

ಊರಿಗೆಲ್ಲ ಅವರು ಟೈರಿನ ಕಾಕಾ. ಇಂಡಿ ಊರಿನ ಕಡೆಗೆ ಹೋಗುವ ರಸ್ತೆಯ ಬಾಯಿಯಲ್ಲಿ ಅವರ ತಗಡಿನ ಶೆಡ್ಡು. ಸವೆದ ಟೈರಿನ ಮೈ ಉಜ್ಜಿ, ಮೇಲೆ ಹೊಸ ರಬ್ಬರಿನ ಪಟ್ಟಿ ಸುತ್ತಿ, ಕಬ್ಬಿಣದ ಅಚ್ಚಿನಲ್ಲಿ ಇಟ್ಟು ಕಾಯಿಸಿ ಮತ್ತೆ ಓಡುವ ಹಾಗೆ ಮಾಡುವುದು ಅವರ ಕೆಲಸ. ಊರ ಜನ ಇದಕ್ಕೆ 'ರಬ್ಬರ್ ಏರಿಸೋದು' ಅನ್ನುತ್ತಿದ್ದರು. ಮೊಣಕೈಯವರೆಗೆ ಅಚ್ಚಿನ ಬಿಸಿ ತಾಗಿದ ಕಲೆಗಳು, ಬಿಳಿ ಪೈಜಾಮ, ಯಾವತ್ತೂ ಕರಿ ಹಿಡಿದ ಒಂದು ಹೆಬ್ಬೆರಳ ಉಗುರು. ಎಡಗೈಯದೋ ಬಲಗೈಯದೋ... ಇಷ್ಟು ಖಚಿತವಾಗಿ ಬರೆಯುತ್ತಿದ್ದೇನೆ, ಆದರೆ ಮುಖ ನೆನಪಿಗೆ ಬರುವುದಿಲ್ಲ. ಮುಖ ನೆನಪಾಗದ ಮನುಷ್ಯನ ಉಗುರು ಹೇಗೆ ನೆನಪಾದೀತು ಎಂದು ನನಗೇ ಸಂಶಯ.

ಅದು ಎಪ್ಪತ್ನಾಲ್ಕೋ ಎಪ್ಪತ್ತೈದೋ. ಅಕ್ಕನ ಮಗನ ವಯಸ್ಸಿನಿಂದ ಹಿಂದಕ್ಕೆ ಎಣಿಸಿದರೆ ಒಂದು ವರ್ಷ ಬರುತ್ತದೆ, ನನ್ನ ಎಂ.ಎಸ್ಸಿ. ಸರ್ಟಿಫಿಕೇಟಿನಿಂದ ಎಣಿಸಿದರೆ ಇನ್ನೊಂದು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಮುಗಿಸಿ, ಯಾವುದಾದರೂ ಕಾಲೇಜಿನಿಂದ ನೌಕರಿಯ ಪತ್ರ ಬರಲಿ ಎಂದು ಸಿಂದಗಿಯ ಮನೆಯಲ್ಲಿ ಕಾಯುತ್ತ ಕೂತಿದ್ದೆ. ಕೂತಿದ್ದೆ ಅನ್ನುವುದು ತಪ್ಪು. ಒಂದು ಕಡೆ ಕೂಡುವ ಸ್ವಭಾವ ನನ್ನದಲ್ಲ. ಹಾಲು ಹಾಕುವವಳ ಚರಿಗೆಯಲ್ಲಿ ಅಳತೆಯ ಕೊಳವೆ ಇಳಿಸಿ ಅವಳನ್ನು ಅಳಿಸಿದ್ದೆ. ಕಿರಾಣಿ ಅಂಗಡಿಯ ತಕ್ಕಡಿಯ ಕೆಳಗೆ ಬಗ್ಗಿ ನೋಡಿ ಬೈಸಿಕೊಂಡಿದ್ದೆ. ಓದಿ ಬಂದವನಿಗೆ ಎಲ್ಲದರ ಒಳಗೂ ಒಂದು ಮೋಸ ಕಾಣುತ್ತಿತ್ತು. ಕೆಲವು ಸಲ ಅದು ನಿಜವಾಗಿಯೂ ಇರುತ್ತಿತ್ತು, ಅದೇ ತೊಂದರೆ.

ಅಕ್ಕ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಗಂಡುಮಗು. ಐದನೆಯ ತಿಂಗಳಲ್ಲಿ ತೊಟ್ಟಿಲ ಸಮೇತ ಅವಳನ್ನು ನಾಲತವಾಡದ ಗಂಡನ ಮನೆಗೆ ಮುಟ್ಟಿಸಬೇಕಾಗಿತ್ತು. ಸಿಂದಗಿಯಿಂದ ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ, ಅಲ್ಲಿಂದ ನಾಲತವಾಡ. ಕರೆದೊಯ್ಯುವವನು ಮಾಮಾ, ಅವ್ವನ ತಮ್ಮ. ಮಾಮಾನ ಹತ್ತಿರ ಒಂದು ಅಂಬಾಸಿಡರ್ ಕಾರಿತ್ತು. ಮದುವೆಗೆ, ಆಸ್ಪತ್ರೆಗೆ ಬಾಡಿಗೆ ಹೊಡೆದು ಅದರಲ್ಲೇ ಸಂಸಾರ ಸಾಗಿಸುತ್ತಿದ್ದ. ಕಾರಿನ ನಾಲ್ಕೂ ಗಾಲಿ ಆ ಹೊತ್ತಿಗೆ ತಂಬಿಗೆಯ ಹಾಗೆ ನುಣ್ಣಗಾಗಿದ್ದವು.

"ಬಾಣಂತಿ, ಎಳಿಗೂಸು ಕೂಡೂ ಗಾಡಿ. ಇವೇ ಗಾಲಿ ಮ್ಯಾಲ ನಾ ಒಯ್ಯೂದಿಲ್ಲ," ಅಂದ ಮಾಮಾ. "ನಡೀ ಅಳಿಯಾ, ಕಾಕಾನ ಕಡೆ ಹೋಗೂಣು."

ಕಾಕಾ ಟೈರು ತೋರಿಸುವ ಮೊದಲು ಪ್ರಶ್ನೆ ಕೇಳುತ್ತಿದ್ದರು. ಯಾವ ಕಡೆ ಓಡಿಸುತ್ತೀರಿ, ಎಷ್ಟು ಮಂದಿ ಕೂಡುತ್ತಾರೆ, ಬೆಳಿಗ್ಗೆಯೋ ಮಧ್ಯಾಹ್ನವೋ, ಮಳೆಗಾಲಕ್ಕೂ ಇವೇ ಇರುತ್ತವೋ ಹೇಗೆ. ಗಿರಾಕಿಯ ಕಿಸೆ ಎಷ್ಟು ಆಳ ಎಂದು ತಿಳಿಯಲು ಹೂಡಿದ ಆಟ ಇದು ಎಂದುಕೊಂಡೆ.

"ಹೊಸಾವು ನಾಕು ತಗೋತೀಯೇನು?" ಅಂದರು ಮಾಮಾನಿಗೆ.

"ಕಾಕಾ, ಹೊಸಾವು ನಾಕು ತಗೊಂಡ್ರ ಕಾರ್ ಮಾರಿ ಟಾಯರ್ ಇಟಗೊಂಡು ಕೂಡಬೇಕಾಗತೈತಿ ನೋಡ್ರಿ."

ಕಾಕಾ ನಕ್ಕರು. "ಹಂಗಾರ ರಬ್ಬರ್ ಏರ್ಸಿದ್ದು ತಗೋ. ಆಲಮೇಲದ ಎರಿಮಣ್ಣಿನ ರಾಡಿಗೆ ಬೇಕಂದ್ರ ಮೆತ್ತನ ರಬ್ಬರು, ಅಗಲ ಗೆರಿ ಬಿಟ್ಟದ್ದು ಕೊಡ್ತೇನಿ. ಅದು ರಾಡಿಯಾಗ ಹಿಡೀತೈತಿ, ಆದ್ರ ಬ್ಯಾಸಿಗಿ ಬಿಸಲಿಗೆ ಬೆಣ್ಣಿ ಕರಗಿದಂಗ ಕರಗತೈತಿ. ಮುದ್ದೇಬಿಹಾಳ ಕಡೆ ಖಡಿ ರಸ್ತಾ ಐತಿ, ಬಿರುಸು ಬೇಕು. ಪೂರಾ ಬಿರುಸು ಕೊಟ್ರ ಮಳಿಯಾಗ ಡಾಂಬರ್ ಮ್ಯಾಲ ಜಾರತೈತಿ. ನಡುವಿನದು ಒಂದು ಐತಿ. ರೇಟು ಒಂಚೂರು ಜಾಸ್ತಿ, ಆದ್ರ ಎರಡು ವರ್ಷ ನನ್ನ ಕಡೆ ತಿರುಗಿ ನೋಡಬ್ಯಾಡ."

ಮಾಮಾ ತಲೆ ಆಡಿಸುತ್ತಿದ್ದ. ನಾನು ಸುಮ್ಮನೆ ಆ 'ನಡುವಿನ' ಟೈರುಗಳ ಸಾಲಿನ ಹತ್ತಿರ ಹೋದೆ. ಕಿಸೆಯಲ್ಲಿ ಕಂಪಾಸ್ ಪೆಟ್ಟಿಗೆಯ ಕೈವಾರ ಮತ್ತು ಸಣ್ಣ ಸ್ಕೇಲು ಇದ್ದವು. ಅಂಥವು ಆಗ ಯಾವಾಗಲೂ ನನ್ನ ಕಿಸೆಯಲ್ಲಿ ಇರುತ್ತಿದ್ದವು. ಕೈವಾರದ ಮೊನೆಯಿಂದ ರಬ್ಬರಿನ ಗೆರೆಗಳ ಆಳ ಅಳೆದೆ. ಪಕ್ಕದಲ್ಲಿ ಆಗಷ್ಟೇ ಅಚ್ಚಿನಿಂದ ಇಳಿದು ಆರಲು ಇಟ್ಟ ಒಂದು ಟೈರಿತ್ತು. ಅದನ್ನೂ ಅಳೆದೆ. ಫರಕು ಇತ್ತು. ಕೂದಲಿನ ಎಳೆಯಷ್ಟು, ಆದರೆ ಇತ್ತು. ಅಚ್ಚಿನಿಂದ ಇಳಿದದ್ದರ ಮೇಲೆ ಸಣ್ಣ ಎಳೆಗಳು ನಿಂತಿದ್ದವು. ಮಾರಾಟದ ಸಾಲಿನಲ್ಲಿದ್ದವುಗಳ ಮೇಲೆ ಒಂದೂ ಇರಲಿಲ್ಲ. ಒಂದರ ಗೆರೆಯಲ್ಲಿ ಕಡಲೆಕಾಳಿನ ಗಾತ್ರದ ಹರಳು ಸಿಕ್ಕಿಕೊಂಡಿತ್ತು. ಅದನ್ನು ಕೈವಾರದಿಂದ ಎಬ್ಬಿಸಿ ಅಂಗೈಯಲ್ಲಿ ಇಟ್ಟುಕೊಂಡೆ.

ಶೆಡ್ಡಿನ ಎದುರಿಗೆ ಚಹದ ಅಂಗಡಿ. ಏಳೆಂಟು ಮಂದಿ ಬೆಂಚಿನ ಮೇಲೆ ಕೂತಿದ್ದರು. ಅವರಿಗೆಲ್ಲ ಕೇಳುವ ಹಾಗೆ ನಾನು ಕೇಳಿದೆ: "ಕಾಕಾ, ಇವು ಎಲ್ಲೆರ ಓಡ್ಯಾವೇನ್ರಿ?"

"ಓಡ್ಯಾವ," ಅಂದರು ಕಾಕಾ. "ಓಡಿಲ್ಲ ಅಂತ ಯಾರಂದ್ರು?"

"ಓಡಿದ್ದನ್ನ ಹೊಸಾ ರಬ್ಬರ್ ಅಂತ ಮಾರಾಕತ್ತೀರಲ್ರಿ?"

"ರಬ್ಬರ್ ಹೊಸಾದ ಐತಿ. ಗಟ್ಟಿ ಐತಿ ಅಂದೇನಿ."

"ಯಾರ ಗಾಡಿಗೆ ಓಡಿದ್ದು?"

"ನಂದ ಗಾಡಿಗೆ."

ಬೆಂಚಿನ ಮೇಲಿದ್ದವರು ಗ್ಲಾಸು ಕೆಳಗಿಟ್ಟರು. ಕಾಕಾನ ಹತ್ತಿರ ಒಂದು ಹಳೆಯ ಕರಿ ಕಾರಿತ್ತು. ಇಂಡಿಯ ಸಂತೆಯ ದಿನ ಅದರ ತುಂಬ ಮಂದಿ ತುಂಬಿಕೊಂಡು, ತಾಂಬಾದ ಮೇಲೆ ಹಾಯ್ದು ಇಂಡಿಗೆ ಹೋಗಿ ಸಂಜೆ ಹೊರಳಿ ಬರುತ್ತಿದ್ದರು. ಬಸ್ಸಿಗಿಂತ ಕಡಿಮೆ ಬಾಡಿಗೆ. ಊರಿಗೆಲ್ಲ ಗೊತ್ತಿದ್ದ ಸಂಗತಿ. ನನಗೆ ಲೆಕ್ಕ ಸರಿಹೋಯಿತು. ರಬ್ಬರ್ ಏರಿಸುವುದು, ತನ್ನ ಕಾರಿಗೆ ಹಾಕಿ ಬಾಡಿಗೆ ದುಡಿಯುವುದು, ತುಸು ಸವೆದ ಮೇಲೆ ತೊಳೆದು ಕರಿ ಬಳಿದು ಪೂರ್ಣ ಬೆಲೆಗೆ ಮಾರುವುದು. ಇದನ್ನು ಬೆಂಚಿನವರಿಗೆ ಬಿಡಿಸಿ ಹೇಳಿದೆ. ಅಂಗೈಯಲ್ಲಿದ್ದ ಹರಳನ್ನೂ ತೋರಿಸಿದೆ.

"ಏ ಕಾಕಾ, ಸಾಲಿ ಕಲ್ತ ಹುಡುಗ ಹಿಡದ ಬಿಟ್ಟ ನೋಡು ನಿನ್ನ!" ಯಾರೋ ಕೂಗಿದರು. ಎಲ್ಲರೂ ನಕ್ಕರು.

ಕಾಕಾ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿ, "ಅಳತಿ ಬರೋಬ್ಬರಿ ಐತಿ ತಮ್ಮಾ," ಅಂದರು. ಅಷ್ಟೇ. ಮುಂದೆ ಏನಾದರೂ ಹೇಳುತ್ತಾರೆ ಎಂದು ಮಾಮಾ ಕಾದ. ಅವರು ಅಚ್ಚಿನ ಕಡೆಗೆ ತಿರುಗಿದರು. ನಿಜವಿದ್ದರೆ ಬಿಡಿಸಿ ಹೇಳುತ್ತಿದ್ದರು, ಹೇಳದೆ ಹೋದದ್ದೇ ತಪ್ಪೊಪ್ಪಿಗೆ ಎಂದು ನಾನು ತಿಳಿದೆ. ಇವತ್ತಿಗೂ ಆ ಮೌನದ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಅನುಮಾನದ ದಿಕ್ಕು ಬದಲಾಗಿದೆ.

ಬಿಜಾಪುರದ ಒಬ್ಬ ವ್ಯಾಪಾರಿಯ ಹತ್ತಿರ ನಾಲ್ಕು ಟೈರು ತರಿಸಿದೆವು. ಅವೂ ರಬ್ಬರ್ ಏರಿಸಿದವೇ. ನಾನೇ ಹೋಗಿ ಅಳೆದು, ಮೂಸಿ, ಉಗುರು ಒತ್ತಿ ಆರಿಸಿದೆ. ಗೆರೆಗಳು ಪೂರ್ತಿ ಆಳ, ಎಳೆಗಳು ಹಾಗೇ ನಿಂತಿದ್ದವು, ಬೆಲೆಯೂ ಕಾಕಾನಿಗಿಂತ ಕಡಿಮೆ. ಬಸ್ಸಿನ ಮೇಲೆ ಕಟ್ಟಿಕೊಂಡು ಸಿಂದಗಿಗೆ ತಂದಾಗ ನನಗೆ ಏನೋ ಗೆದ್ದ ಹಾಗಿತ್ತು. ಆದರೆ ಗಾಲಿಗೆ ಏರಿಸುವವರು ಯಾರು? ಆ ಊರಲ್ಲಿ ಆ ಹತ್ಯಾರ ಇದ್ದದ್ದು ಕಾಕಾನ ಹತ್ತಿರ ಮಾತ್ರ. ಮಾಮಾ ಮುಖ ಸಣ್ಣದು ಮಾಡಿಕೊಂಡು ಅಲ್ಲಿಗೇ ಕಾರು ಒಯ್ದ.

ಕಾಕಾ ನಾಲ್ಕನ್ನೂ ಗಾಲಿಗೆ ಏರಿಸಿದರು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹೊರತೆಗೆದು ನೋಡಿದರು. ಅದು ಹಿಂದೊಮ್ಮೆ ಮಾಮಾ ಅವರಲ್ಲೇ ಕೊಂಡದ್ದು. ಅದಕ್ಕೂ ಗಾಳಿ ತುಂಬಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ, ನನಗಲ್ಲ, ಮಾಮಾನಿಗೆ ಹೇಳಿದರು:

"ಒಂದ ಮಾತು ಕೇಳ್ತೀಯೇನು? ಹಿಂದಿನ ಸೀಟಿನ್ಯಾಗ, ಡಿಕ್ಕ್ಯಾಗ ಕಲ್ಲು ಹೇರಿಕೊಂಡು, ನೆತ್ತಿ ಮ್ಯಾಲ ಹೊತ್ತು ಇದ್ದಾಗ ಇಂಡಿಗೆ ಹೋಗಿ ಬಾ. ಹೊಳ್ಳಿ ಬಂದ ಮ್ಯಾಲ ಬಾಣಂತಿನ್ನ ಕೂಡಸು."

"ಯಾಕ್ರಿ ಕಾಕಾ?" ಅಂದ ಮಾಮಾ.

ಅವರು ಬಾಯಿ ತೆಗೆಯುವಷ್ಟರಲ್ಲಿ ನಾನು ನಡುವೆ ಬಿದ್ದೆ. "ಯಾಕಂದ್ರ ನಮ್ಮವೂ ಅವರ ಟಾಯರಿನಂಗ ಸವೀಲಿ ಅಂತ!"

ಬೆಂಚಿನ ಕಡೆಯಿಂದ ಮತ್ತೆ ನಗು. ಮಾಮಾನೂ ನಕ್ಕ, ಪಾಪ, ನನ್ನ ಮುಖ ನೋಡಿ ನಕ್ಕ. ಕಾಕಾ ಕೈ ಒರೆಸಿಕೊಂಡ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು, "ನಿಮ್ಮ ಖುಷಿ," ಅಂದರು.

ಹೊರಟದ್ದು ಚೈತ್ರದ ಕೊನೆಯಲ್ಲಿ. ಬೆಳಗಿನ ತಂಪಿನಲ್ಲೇ ಬಿಡಬೇಕೆಂದು ಮಾಮಾ ಹೇಳಿದ್ದ. ಅವ್ವ ಒಪ್ಪಲಿಲ್ಲ. ರಾಹುಕಾಲ ಕಳೆಯಬೇಕು, ಆಮೇಲೆ ಉಡಿ ತುಂಬಬೇಕು, ತೊಟ್ಟಿಲಿಗೆ ಅರಿಷಿಣ ಕುಂಕುಮ ಹಚ್ಚಬೇಕು... ಬಿಡುವಾಗ ಹನ್ನೊಂದು ದಾಟಿತ್ತು. ತೊಟ್ಟಿಲನ್ನು ಕಾರಿನ ಟಪ್ಪಿನ ಮೇಲೆ ಕಟ್ಟಿದ್ದೆವು. ಮಾಮಾ ಸ್ಟೇರಿಂಗಿನಲ್ಲಿ, ಪಕ್ಕಕ್ಕೆ ನಾನು, ಹಿಂದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಕ್ಕ. ಅವಳ ಪಕ್ಕದಲ್ಲಿ ಗಂಟು, ಬುಟ್ಟಿ, ಕೊಬ್ಬರಿ ಬೆಲ್ಲ ಹಾಕಿದ ಅಂಟಿನುಂಡಿಯ ಡಬ್ಬಿ.

ಬಾಗೇವಾಡಿಯವರೆಗೆ ಏನೂ ಆಗಲಿಲ್ಲ. ಅಲ್ಲಿ ಗಿಡದ ನೆರಳಿಗೆ ನಿಲ್ಲಿಸಿ ನೀರು ಕುಡಿದೆವು. ಮಾಮಾ ಟೈರಿನ ಮೇಲೆ ಅಂಗೈ ಇಟ್ಟು ಥಟ್ಟನೆ ತೆಗೆದ. "ಬಾಳ ಕಾದಾವಲೇ." ಅಕ್ಕ ಒಳಗಿಂದಲೇ ಕೇಳಿದಳು, "ಮಾಮಾ, ಸ್ವಲ್ಪ ತಡೆದು ಹೋಗೂಣೇನು?" ಕಪ್ಪು ವಸ್ತು ಬಿಸಿಲಿನಲ್ಲಿ ಕಾಯುವುದು ಸಹಜ ಎಂದು ನಾನು ವಿವರಿಸಿದೆ. ಹಾಗೆ ವಿವರಿಸಿದ್ದು ನಾನೇ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಇದನ್ನು ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ಮುದ್ದೇಬಿಹಾಳ ಇನ್ನೂ ದೂರವಿರುವಾಗ ಹಿಂದೆ ಬಲಗಡೆಯಿಂದ ಪಟ್ ಪಟ್ ಎಂದು ಸಪ್ಪಳ ಶುರುವಾಯಿತು. ಒದ್ದೆ ಅರಿವೆಯನ್ನು ಕಲ್ಲಿಗೆ ಬಡಿದ ಹಾಗೆ. ಮಾಮಾ ಆಕ್ಸಿಲರೇಟರಿನಿಂದ ಕಾಲು ತೆಗೆದ. ಸಪ್ಪಳ ಜೋರಾಯಿತು, ಮಡ್ಗಾರ್ಡಿನೊಳಗೆ ಏನೋ ಸಿಕ್ಕಿ ಎಳೆದ ಹಾಗಾಯಿತು, ಕಾರಿನ ಹಿಂಭಾಗ ಒಂದು ಕಡೆಗೆ ಜಾರಿತು. ರಸ್ತೆಯ ಬದಿಯ ತಗ್ಗಿಗೆ ಇಳಿದು, ಜಾಲಿಕಂಟಿಯೊಳಗೆ ಹೊಕ್ಕು ನಿಂತಿತು. ಸುತ್ತಲೂ ಧೂಳು. ಮಗು ಅಳುತ್ತಿತ್ತು. ಮಗು ಅಳುತ್ತಿದ್ದದ್ದೇ ಸಮಾಧಾನ.

ಅಕ್ಕ ಅಳುತ್ತಿರಲಿಲ್ಲ. ಕಾರು ಜಾರಿದಾಗ ಯಾರಾದರೂ ಕೈ ಚಾಚಿ ಏನನ್ನಾದರೂ ಹಿಡಿಯುತ್ತಾರೆ. ಅವಳು ಎರಡೂ ಕೈಯಿಂದ ಮಗುವನ್ನು ಅವಚಿಕೊಂಡಿದ್ದಳು. ಬಾಗಿಲ ಹಿಡಿಕೆಗೆ ಅವಳ ಬಲ ಮೊಣಕೈ ಬಡಿದಿತ್ತು. "ಕೂಸಿಗೆ ಏನೂ ಆಗಿಲ್ಲ ನೋಡು, ಮೊದಲ ಕೂಸಿನ್ನ ತಗೋ," ಅಂದಳು. ಮಗುವನ್ನು ಎತ್ತಿಕೊಂಡ ಮೇಲೆ ಅವಳ ಕೈ ಜೋತುಬಿದ್ದದ್ದು ಕಂಡಿತು.

ಹಿಂದಿನ ಗಾಲಿಯ ರಬ್ಬರಿನ ಪಟ್ಟಿ ಒಂದು ಕಡೆಯಿಂದ ಬಿಚ್ಚಿ, ಸತ್ತ ಹಾವಿನ ಹಾಗೆ ಆಕ್ಸಲಿಗೆ ಸುತ್ತಿಕೊಂಡಿತ್ತು. ಅದನ್ನು ಕೊಯ್ದು ತೆಗೆದು, ಹೊಲದಲ್ಲಿದ್ದ ನಾಲ್ಕು ಮಂದಿಯನ್ನು ಕರೆದು ಕಾರು ಎತ್ತಿಸಿ, ಕಾಕಾನ ಹಳೆಯ ಸ್ಟೆಪ್ನಿ ಹಾಕಿದೆವು. ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿದರು. ಅಕ್ಕ ಗಂಡನ ಮನೆಯ ಹೊಸ್ತಿಲನ್ನು ಕೈಯನ್ನು ಕೊರಳಿಗೆ ಕಟ್ಟಿಕೊಂಡು ದಾಟಿದಳು. ಎರಡು ತಿಂಗಳು ತನ್ನ ಮಗುವನ್ನು ತಾನೇ ಎತ್ತಿಕೊಳ್ಳಲಾಗಲಿಲ್ಲ. "ತವರಮನಿಯವರು ಕೂಸಿನ್ನ ಕಳಿಸಿದ್ರು, ಕೈ ಇಟಗೊಂಡ್ರು," ಎಂದು ಅವಳ ಅತ್ತೆ ಬಂದವರ ಮುಂದೆಲ್ಲ ಅನ್ನುತ್ತಿದ್ದರಂತೆ. ಆ ಮೊಣಕೈ ಮತ್ತೆ ಪೂರ್ತಿ ನೆಟ್ಟಗಾಗಲೇ ಇಲ್ಲ.

ಸಿಂದಗಿಗೆ ಮರಳಿದ ಮರುದಿನ ಆ ರಬ್ಬರಿನ ಪಟ್ಟಿ ಹಿಡಿದುಕೊಂಡು ಕಾಕಾನ ಶೆಡ್ಡಿಗೆ ಹೋದೆ. ಯಾಕೆ ಹೋದೆನೋ! ಕ್ಷಮೆ ಕೇಳಲು ಎಂದು ಇಷ್ಟು ವರ್ಷ ನಂಬಿದ್ದೇನೆ. ಆದರೆ ಕ್ಷಮೆ ಕೇಳಿದ ನೆನಪಿಲ್ಲ. ಅವರೇ ಬಿಜಾಪುರದ ಟೈರು ಏರಿಸುವಾಗ ಏನಾದರೂ ಕೆಡಿಸಿದ್ದಾರೆಯೇ ಎಂದು ನೋಡಲು ಹೋಗಿರಬಹುದು. ಆಗಿನ ನನ್ನನ್ನು ಬಲ್ಲವನಾದ್ದರಿಂದ, ಹಾಗೂ ಇರಬಹುದು ಎನ್ನುತ್ತೇನೆ.

ಕಾಕಾ ಪಟ್ಟಿಯನ್ನು ಬೆಳಕಿಗೆ ಹಿಡಿದು ಒಳಮೈ ನೋಡಿದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಕೆಳಗಿನ ಟಾಯರ್ ಸರಿ ಉಜ್ಜಿಲ್ಲ. ಅಂಟು ಹಿಡದಿಲ್ಲ," ಅಂದರು. "ಎಷ್ಟು ಮೈಲಿಗೆ ಬಿಚ್ಚಿತು?"

ಹೇಳಿದೆ.

"ಎಷ್ಟೊತ್ತಾಗಿತ್ತು? ಎಷ್ಟು ಮಂದಿ ಕುಂತಿದ್ರಿ? ನಡುವ ನಿಂದ್ರಿಸಿದ್ರೇನು?"

ಒಂದೊಂದಾಗಿ ಹೇಳಿದೆ. ಬಿಸಿಲು ಯಾವ ಕಡೆಗಿತ್ತು ಎಂಬುದನ್ನೂ ಕೇಳಿದರು. ಅಕ್ಕ ಹೇಗಿದ್ದಾಳೆ ಎಂದು ಕೇಳಿದ್ದು ಎಲ್ಲ ಆದ ಮೇಲೆ. ಅದನ್ನು ನಾನು ಆಗಲೇ ಗುರುತು ಹಾಕಿಕೊಂಡೆ.

ಆಮೇಲೆ ಕಾಕಾ ಮೊದಲ ಸಲ ಬಿಡಿಸಿ ಹೇಳಿದರು. ಏರಿಸಿದ ರಬ್ಬರು ಹಿಡಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುವುದಿಲ್ಲ, ಅಳತೆಗೂ ಬರುವುದಿಲ್ಲ. ಕೆಟ್ಟದ್ದು ಇದ್ದರೆ ಭಾರ ಹೇರಿ ಉರಿಬಿಸಿಲಿನಲ್ಲಿ ಓಡಿಸಿದ ಮೊದಲ ದಿನವೇ ಬಿಚ್ಚಿಕೊಳ್ಳುತ್ತದೆ. ಆ ಒಂದು ದಿನ ತಾಳಿದ್ದು ಮುಂದೆ ಸವೆದು ಹೋಗುವವರೆಗೂ ತಾಳುತ್ತದೆ. ಅದಕ್ಕೇ ಅವರು ತಾವು ಮಾಡಿದ ಒಂದೊಂದು ಟೈರನ್ನೂ ತಮ್ಮ ಕರಿ ಕಾರಿಗೆ ಹಾಕಿ ಇಂಡಿಗೆ ಹೋಗಿ ಬರುತ್ತಿದ್ದರು. ಹೋಗಿ ಬಂದದ್ದು ಮಾತ್ರ ಮಾರಾಟಕ್ಕೆ.

"ಹತ್ತರಾಗ ಒಂದು ಬಿಚ್ಚತೈತಿ ತಮ್ಮಾ. ನಾ ಎಷ್ಟು ಚಂದ ಉಜ್ಜಿದ್ರೂ ಒಂದು ಬಿಚ್ಚತೈತಿ."

ನಾನು ಅಳೆದ ಆ ಕೂದಲಿನಷ್ಟು ಸವೆತ ಅದು. ಅಳತೆ ಸರಿ ಇತ್ತು. ಅರ್ಥ ಮಾತ್ರ ತಿರುಗಾಮುರುಗಾ ಆಗಿತ್ತು. ಪ್ರಯೋಗಶಾಲೆಯಲ್ಲಿ ಆರು ವರ್ಷ ಕಳೆದು ಬಂದವನಿಗೆ ಓಡಿಸಿ ನೋಡುವುದು ಹೊಳೆದಿರಲಿಲ್ಲ. ತಲೆ ತಗ್ಗಿಸಿ ಕೂತೆ. ಅಷ್ಟಕ್ಕೇ ಮುಗಿದಿದ್ದರೆ ಈ ಕಥೆ ಸರಳವಾಗುತ್ತಿತ್ತು, ನಾನೂ ಸ್ವಲ್ಪ ಅತ್ತು ಎದ್ದು ಬರುತ್ತಿದ್ದೆ. ಆದರೆ ಹತ್ತರಲ್ಲಿ ಒಂದು ಎಂಬ ಮಾತು ತಲೆಯಲ್ಲಿ ತಿರುಗತೊಡಗಿತು.

"ಕಾಕಾ," ಅಂದೆ, "ಮಾಮಾಗ ಕಲ್ಲು ಹೇರು ಅಂದ್ರಿ. ನೀವು ಮಂದಿ ಹೇರತೀರಲ್ಲ?"

ಅವರು ಪಟ್ಟಿಯನ್ನು ಸುರುಳಿ ಸುತ್ತುತ್ತಿದ್ದರು. ಕೈ ನಿಂತಿತು.

"ಕಲ್ಲು ಹೇರಿದ್ರ ಪೆಟ್ರೋಲಿಗೆ ಯಾರು ಕೊಡ್ತಾರ?" ಅಂದರು. ಮತ್ತೆ ಸುತ್ತತೊಡಗಿ, "ನಾ ಸಾವಕಾಶ ಓಡಸ್ತೇನಿ. ಸಪ್ಪಳ ನನಗ ಮೊದಲ ಗೊತ್ತಾಗತೈತಿ. ಇವತ್ತಿನ ತನಕ ಯಾರಿಗೂ ಏನೂ ಆಗಿಲ್ಲ," ಅಂದರು.

ಈ ಮಾತು ಅವರು ಆಡಿದರೇ? ಅಥವಾ ಆಮೇಲೆ, ನನ್ನ ತಪ್ಪಿನ ಭಾರ ಕಡಿಮೆ ಮಾಡಿಕೊಳ್ಳಲು, ಅವರ ಬಾಯಿಗೆ ನಾನು ತುರುಕಿದೆನೇ? ಎಷ್ಟೋ ಸಲ ಯೋಚಿಸಿದ್ದೇನೆ. ಪೆಟ್ರೋಲಿನ ಮಾತು ಆಡಿದ್ದು ಖಂಡಿತ. ಉಳಿದದ್ದರ ಬಗ್ಗೆ ಆಣೆ ಮಾಡಲಾರೆ... ಸುರುಳಿ ಸುತ್ತುವ ಕೈ ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ದಿನ ಅವರು ಚಹದ ಅಂಗಡಿಯವರ ಮುಂದೆ ಬಿಡಿಸಿ ಹೇಳದೆ ಸುಮ್ಮನಾದದ್ದು ಯಾಕೆಂದು ಆಗ ತಿಳಿಯಿತು. ಅಥವಾ ತಿಳಿಯಿತು ಎಂದುಕೊಂಡೆ. ಇವು ಇಂಡಿಗೆ ಹೋಗಿ ಬಂದ ಗಟ್ಟಿ ಟೈರು ಎಂದು ಹೇಳಿದ್ದರೆ, ಬೆಂಚಿನ ಮೇಲಿದ್ದವರಲ್ಲಿ ಒಬ್ಬನಾದರೂ ಕೇಳುತ್ತಿದ್ದ: ಹಾಗಾದರೆ ಹೋದ ಸಂತೆಗೆ ನಾವು ಯಾವುದರ ಮೇಲೆ ಕೂತು ಹೋಗಿದ್ದೆವು?

ಎದ್ದು ರಸ್ತೆಗೆ ಬಂದೆ. ಮುಂದಿನ ಸಂತೆಯ ದಿನ ಕಾಕಾನ ಕರಿ ಕಾರು ಎಂದಿನಂತೆ ತುಂಬಿಕೊಂಡು ಹೊರಟಿತು. ಹಿಂದೆ ಐದು ಮಂದಿ, ಮುಂದೆ ಇಬ್ಬರು, ಡಿಕ್ಕಿಯಲ್ಲಿ ಗಂಟುಗಳು. ನಾನು ಚಹದ ಅಂಗಡಿಯ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಕೂಗಿ ಹೇಳಬಹುದಾಗಿತ್ತು. ಹೇಳಿದ್ದರೆ ಯಾರು ನಂಬುತ್ತಿದ್ದರು? ಅದೇ ಬೆಂಚಿನ ಮೇಲೆ, ಹರಳು ಹಿಡಿದು, ಒಮ್ಮೆ ಅವರ ಮೇಲೆ ಮೋಸದ ಮಾತು ಹೊರಿಸಿದ್ದೆ. ಅದರ ಫಲ ಏನಾಯಿತೆಂದು ಇಡೀ ಊರಿಗೆ ಗೊತ್ತಿತ್ತು. ನನ್ನನ್ನು ಕಂಡರೆ "ಏನ್ರಿ ಪ್ರೊಫೆಸರ್ ಸಾಹೇಬ್ರ, ಇವತ್ತು ಏನು ಅಳದ್ರಿ?" ಎಂದು ಕೇಳುತ್ತಿದ್ದರು. ಸುಳ್ಳು ಅನುಮಾನವನ್ನು ಅಷ್ಟು ಜೋರಾಗಿ ಕೂಗಿ ಆಗಿತ್ತು. ನಿಜವಾದ ಅನುಮಾನಕ್ಕೆ ನನ್ನಲ್ಲಿ ದನಿ ಉಳಿದಿರಲಿಲ್ಲ. ಸುಮ್ಮನಿದ್ದೆ. ಮಾಮಾನಿಗೂ ಹೇಳಲಿಲ್ಲ. ಮಾಮಾ ಆಮೇಲೆ ಕಾರು ಮಾರುವವರೆಗೂ ಕಾಕಾನ ಹತ್ತಿರವೇ ಟೈರು ಕೊಂಡ. ಒಂದೂ ಬಿಚ್ಚಲಿಲ್ಲ.

ಕೆಲವು ತಿಂಗಳಿಗೆ ನೌಕರಿಯ ಪತ್ರ ಬಂತು, ಊರು ಬಿಟ್ಟೆ. ಕಾಕಾ ತೀರಿಕೊಂಡ ಸುದ್ದಿ ಯಾವುದೋ ಮದುವೆಯಲ್ಲಿ ಸಿಕ್ಕವರು ಹೇಳಿದರು. ಯಾವ ವರ್ಷ ಎಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಂಡಿಯ ರಸ್ತೆಯಲ್ಲಿ ಎಂದಾದರೂ ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಬೇಕೆಂದು ಬಾಯಿಯವರೆಗೆ ಬಂತು. ಊಟಕ್ಕೆ ಕರೆದರು, ಎದ್ದು ಹೋದೆವು.

ಹೋದ ತಿಂಗಳು ವಿಜಯಪುರದ ಆ ಅಂಗಡಿಯಲ್ಲಿ ನಡುವಿನ ಬೆಲೆಯ ನಾಲ್ಕು ಟೈರು ಹಾಕಿಸಿಕೊಂಡು ಮನೆಗೆ ಬಂದವನು, ನಾಲತವಾಡಕ್ಕೆ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಈಗ ಎಪ್ಪತ್ತು ದಾಟಿದೆ. ಮಾಮಾ ಇಲ್ಲ, ಅವ್ವ ಇಲ್ಲ. ಆ ದಿನ ಇದ್ದವರಲ್ಲಿ ನನ್ನ ನೆನಪಿನ ತಪ್ಪು ಹಿಡಿಯಲು ಉಳಿದವಳು ಅವಳೊಬ್ಬಳೇ.

"ಟೈರಿನ ಕಾಕಾ ನೆನಪದಾನೇನು ಅಕ್ಕಾ?"

"ಅಂವಾ? ಸೊಕ್ಕಿನ ಮನಶ್ಯಾ," ಅಂದಳು ತಟ್ಟನೆ. "ನನ್ನ ಗಾಡಿಯಿಂದ ಇಳಿಸಿದವ."

ನನಗೆ ಗೊತ್ತಿರದ ಸಂಗತಿ. ಬಿಡಿಸಿ ಹೇಳು ಅಂದೆ. ಅವಳು ಬಸುರಿಯಾಗಿ ತವರಿಗೆ ಬಂದ ಹೊಸದರಲ್ಲಿ, ನಾನಿನ್ನೂ ಧಾರವಾಡದಲ್ಲಿದ್ದಾಗ, ಅವ್ವನ ಜೊತೆ ತಾಂಬಾದ ಸಂಬಂಧಿಕರ ಮನೆಗೆ ಹೊರಟಿದ್ದಳಂತೆ. ಬಸ್ಸಿಗಿಂತ ಕಡಿಮೆ ಎಂದು ಇಬ್ಬರೂ ಕಾಕಾನ ಕಾರು ಹತ್ತಿ ಕೂತಿದ್ದರಂತೆ.

"ಅಂವಾ ಬಂದಾವ್ನ ನನ್ನ ಹೊಟ್ಟಿ ನೋಡಿದ. 'ತಂಗಿ, ನೀ ಇಳಿ. ನೀ ಬಸ್ಸಿಗೆ ಹೋಗು' ಅಂದ. ಯಾಕ್ರಿ ಅಂದ್ರ ಬಾಯಿ ಬಿಡವಲ್ಲ. ಎಲ್ಲಾರ ಮುಂದ ಇಳಿಸಿದ ನೋಡು. ಅವ್ವಗ ಅಳೂನ ಬಂದಿತ್ತು. ಮನಿಗೆ ಬಂದು, ಇದನ್ನ ಯಾರ ಮುಂದೂ ಹೇಳಬ್ಯಾಡ, ನಾಚಿಕಿಗೇಡು ಅಂದ್ಲು."

 ಸತ್ತವರನ್ನು ಕೇಳಲಾಗದ ಒಂದು ಪ್ರಶ್ನೆಗೆ ಉತ್ತರ ಬಂದಿತ್ತು. ತನ್ನ ಕಾರಿನಲ್ಲಿ ಕೂತವರ ಜೀವಕ್ಕೆ ಅಪಾಯವಿದೆ ಎಂದು ಕಾಕಾಗೆ ಗೊತ್ತಿತ್ತು. ಪ್ರತಿ ಸಂತೆಯ ದಿನವೂ ಗೊತ್ತಿತ್ತು. ನನ್ನ ಅಕ್ಕನನ್ನು ಎರಡು ಸಲ ಉಳಿಸಲು ನೋಡಿದರು, ಒಂದು ಸಲ ಉಳಿಸಿದರು, ಇನ್ನೊಂದು ಸಲ ನಾನು ಬಿಡಲಿಲ್ಲ. ಅವರಿಗೆ ಕೃತಜ್ಞನಾಗಿರಬೇಕು. ಇದ್ದೇನೆ ಕೂಡ. ಆದರೆ ಕೃತಜ್ಞತೆಯ ನಡುವೆಯೇ ಇನ್ನೊಂದು ಪ್ರಶ್ನೆ ಎದ್ದು ನಿಂತಿತು.

"ಅಕ್ಕಾ, ನೀವು ಇಳಿದ ಜಾಗಾದಾಗ ಯಾರನ್ನ ಕೂಡಿಸಿದ್ರು?"

"ಯಾರನ್ನೋ ಕೂಡಿಸಿದ, ಯಾಂವ ನೆನಪಿಟ್ಟಾನು... ಹಾಂ, ಒಬ್ಬಾಕಿ ಮುದುಕಿ. ಬದನಿಕಾಯಿ ಬುಟ್ಟಿ ಇಟಗೊಂಡು ಬಸ್ಸಿಗೆ ನಿಂತಿದ್ಲು. ಸೀಟು ಸಿಕ್ತು ಅಂತ ಓಡಿ ಬಂದು ಕುಂತ್ಲು ನೋಡು. ಏನು ಖುಷಿ ಅಂತಿ ಆಕಿಗೆ! ನನಗ ಕೈ ಮಾಡಿ ಹೋದ್ಲು."

"ಸಂಜಿಕ ಹೊಳ್ಳಿ ಬಂದ್ಲೇನು?"

"ಅದನ್ನ ನಾ ಏನು ನೋಡಾಕ ಕುಂತಿದ್ನೇನೋ?" ಅಂದಳು ಅಕ್ಕ. "ಎಂಥಾವೆಲ್ಲ ಕೇಳತೀಯೋ ನೀ."